ದತ್ತು ಹೋದ ಊರಿನ ವರದಿ

ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನಿಂದ ಕರ್ನಾಟಕಕ್ಕೆ ತಕರಾರಿಲ್ಲದೆ ಹೋಗುವ ಸರಕು ಒಂದೇ, ಫೋಟೋ. ಕಬ್ಬು ಗಡಿ ದಾಟಬೇಕೆಂದರೆ ಒಂದೊಂದು ಹಂಗಾಮಿನಲ್ಲಿ ಸರಕಾರದ ಆದೇಶ ಅಡ್ಡ ಬರುತ್ತದೆ. ಬಸ್ಸು ದಾಟಬೇಕೆಂದರೆ ಬೆಳಗಾವಿಯಲ್ಲೋ ಕೊಲ್ಲಾಪುರದಲ್ಲೋ ಅವತ್ತು ಯಾರೂ ಯಾರ ಬಸ್ಸಿಗೂ ಮಸಿ ಬಳಿದಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳಬೇಕು. ಆದರೆ ನಮ್ಮೂರ ಮಾರುತಿ ಗುಡಿಯ ಕಟ್ಟೆಯ ಮೇಲೆ ಹನ್ನೆರಡು ಹೆಣ್ಣುಮಕ್ಕಳನ್ನು ಕೂರಿಸಿ, ಹಿಂದೆ ಬ್ಯಾನರ್ ಕಟ್ಟಿ, ಮುಂದೆ ಒಂದು ಬೇವಿನ ಸಸಿ ಹಿಡಿದು ತೆಗೆದ ಫೋಟೋ ಮಾತ್ರ ಸಂಕೇಶ್ವರ, ಬೆಳಗಾವಿ, ಹುಬ್ಬಳ್ಳಿ ಎಲ್ಲಿಯೂ ನಿಲ್ಲದೆ ಸೀದಾ ಬೆಂಗಳೂರಿನ ನಾಗರಬಾವಿಗೆ ಹೋಗಿ ಇಳಿಯುತ್ತದೆ. ಅಲ್ಲಿ ನ್ಯಾಕ್ ಕಚೇರಿ ಇದೆ. ದೇಶದ ವಿಶ್ವವಿದ್ಯಾಲಯಗಳನ್ನೂ ಕಾಲೇಜುಗಳನ್ನೂ ತೂಗಿ ದರ್ಜೆ ಕೊಡಲಿಕ್ಕೆಂದು 1994ರಲ್ಲಿ ಹುಟ್ಟಿದ ಸಂಸ್ಥೆ. ಫೋಟೋದ ಕೆಳಗೆ ತಾರೀಖು, ವೇಳೆ, ಅಕ್ಷಾಂಶ, ರೇಖಾಂಶ ಮೂಡಿರಬೇಕು. ಮೂಡಿರದಿದ್ದರೆ ಆ ಕಾರ್ಯಕ್ರಮ ನಡೆದೇ ಇಲ್ಲ. ಮೂಡಿದ್ದರೆ, ನಡೆಯದಿದ್ದರೂ ನಡೆದಂತೆಯೇ.

ಆ ಹನ್ನೆರಡು ಮಂದಿಯಲ್ಲಿ ಹೆಚ್ಚಿನವರದು ಮನೆಮಾತು ಕನ್ನಡ. ಅವರ ಮುಖ ಹೋಗಿ ತಲುಪಿದ್ದು ಕನ್ನಡದ ರಾಜಧಾನಿಗೆ. ಕೆಳಗಿನ ಬರಹ ಮಾತ್ರ ಇಂಗ್ಲಿಷಿನಲ್ಲಿ: ಗ್ರಾಮೀಣ ಮಹಿಳೆಯರ ಸಂವಹನ ಸಬಲೀಕರಣ. ಬೆಂಗಳೂರನ್ನು ಕಣ್ಣಿಂದ ಕಾಣದ ನಮ್ಮ ಅವ್ವಂದಿರು ಅಲ್ಲಿಯ ಯಾವುದೋ ಸರ್ವರಿನಲ್ಲಿ ಸಬಲರಾಗಿ ಕೂತಿದ್ದಾರೆ.

ಈ ಫೋಟೋ ತೆಗೆದು ಕಳಿಸಿದ್ದು ಯಾವ ವಿಶ್ವವಿದ್ಯಾಲಯದ ಯಾವ ಸಂವಹನ ವಿಭಾಗ ಎಂದು ಕೇಳಬೇಡಿ. ನಮ್ಮ ಕಡೆಗೆ ಎಲ್ಲ ದಿಕ್ಕಿನಿಂದಲೂ ಬರುತ್ತಾರೆ. ಹೆಸರು ಬರೆದೆನೋ, ನಾಳೆ ಈ ಬರಹವನ್ನೂ ಕತ್ತರಿಸಿ ‘ಮಾಧ್ಯಮಗಳಲ್ಲಿ ನಮ್ಮ ವಿಭಾಗ’ ಎಂಬ ಪುಟಕ್ಕೆ ಅಂಟಿಸಿ ಅಂಕ ಪಡೆದುಕೊಳ್ಳುತ್ತಾರೆ. ಬೈಗುಳವಾದರೇನು, ಪ್ರಸ್ತಾಪ ಪ್ರಸ್ತಾಪವೇ.

ನಮ್ಮೂರ ಹುಡುಗನೊಬ್ಬ ಆ ವಿಭಾಗದಲ್ಲಿ ಎಂ.ಎ. ಓದುತ್ತಾನೆ. ಹೋದ ತಿಂಗಳು ಊರಿಗೆ ಬರುವಾಗ ‘ಸಾಧನೆಯ ವರ್ಷ’ ಎಂಬ ಪುಸ್ತಿಕೆ ತಂದಿದ್ದ. ಆರ್ಟ್ ಪೇಪರು, ನಾಲ್ಕು ಬಣ್ಣ, ಕೈಯಲ್ಲಿ ಹಿಡಿದರೆ ಜಾರುವಷ್ಟು ನುಣುಪು. ಮುಖಪುಟದಲ್ಲಿ ವಿಭಾಗ ಪ್ರಮುಖರು ದೀಪ ಹಚ್ಚುತ್ತಿದ್ದಾರೆ. ಒಳಗೆ ಬಂದ ಅತಿಥಿಗೆ ಅವರು ಶಾಲು ಹೊದಿಸುತ್ತಿದ್ದಾರೆ, ಮುಂದಿನ ಪುಟದಲ್ಲಿ ಅತಿಥಿ ಅವರಿಗೆ ಹೊದಿಸುತ್ತಿದ್ದಾರೆ. ಅದರ ಮುಂದಿನ ಪುಟದಲ್ಲಿ ಅತಿಥಿ ಬೇರೆ, ಶಾಲು ಹೊದಿಸುವ ಕೈ ಅದೇ. ಕಟ್ಟೆಯ ಮೇಲೆ ಕೂತು ಪುಟ ತಿರುವುತ್ತಿದ್ದ ನಮ್ಮ ಕಾಕಾ ಶಾಲಿನ ಅಂಚನ್ನು ಎಲ್ಲ ಪುಟಗಳಲ್ಲೂ ತಾಳೆ ನೋಡಿ, “ತಮ್ಮಾ, ಶಾಲು ಒಂದ ಐತಿ, ಮಂದೀನ ಬ್ಯಾರೆ ಬ್ಯಾರೆ” ಎಂದರು. ಸಂಶೋಧನೆ ಎಂದರೆ ಇದು. ಆದರೆ ಕಾಕಾನ ಹೆಸರಿನಲ್ಲಿ ಪ್ರಕಟಿತ ಪ್ರಬಂಧಗಳಿಲ್ಲ.

ವಿಚಾರಸಂಕಿರಣಗಳ ಪಟ್ಟಿ ಓದುವಾಗ ಗಡಿಯಲ್ಲಿ ಹುಟ್ಟಿದ್ದಕ್ಕೆ ನಮಗೂ ಒಂದು ಲಾಭವಿದೆ ಎಂದು ತಿಳಿಯಿತು. ಕೊಲ್ಲಾಪುರದವರು ಬಂದು ಮಾತಾಡಿದರೆ ಅದು ಸ್ಥಳೀಯ. ಪುಣೆಯವರು ಬಂದರೆ ರಾಜ್ಯಮಟ್ಟದ್ದು. ಇಲ್ಲಿಂದ ಕೂಗಳತೆಯ ಸಂಕೇಶ್ವರದ ಪ್ರಾಧ್ಯಾಪಕರನ್ನು ವಡಾಪದಲ್ಲಿ, ಅಂದರೆ ಸೀಟು ತುಂಬಿದ ಮೇಲೂ ತುಂಬುತ್ತಲೇ ಇರುವ ಜೀಪಿನಲ್ಲಿ, ಹಿಂದಿನ ಬಾಗಿಲಿಗೆ ನಿಲ್ಲಿಸಿಕೊಂಡು ತಂದರೂ ವಿಚಾರಸಂಕಿರಣ ರಾಷ್ಟ್ರಮಟ್ಟಕ್ಕೆ ಏರುತ್ತದೆ, ಏಕೆಂದರೆ ಅವರು ಹೊರರಾಜ್ಯದವರು. ಅವರ ಅಳಿಯ ದುಬೈಯಿಂದ ಮೊಬೈಲಿನಲ್ಲಿ ಕೈಮುಗಿದರೆ ಅಂತರರಾಷ್ಟ್ರೀಯ. ಎರಡು ರಾಜ್ಯಗಳು ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ಬಡಿದಾಡುತ್ತಿರುವ ಗಡಿಯಿಂದ ಇಷ್ಟೊಂದು ಶೈಕ್ಷಣಿಕ ಪ್ರಯೋಜನ ತೆಗೆದವರು ಇನ್ನಾರೂ ಇಲ್ಲ. ಒಪ್ಪಂದಗಳ ಪುಟವೂ ಇದೇ ಧಾಟಿಯದು. ನೀವು ನಮ್ಮಲ್ಲಿ ಬಂದು ಮಾತಾಡಿ, ನಾವು ನಿಮ್ಮಲ್ಲಿ ಬಂದು ಮಾತಾಡುತ್ತೇವೆ. ಕೇಳುವವರನ್ನು ಇಬ್ಬರೂ ಸಮಾಜಶಾಸ್ತ್ರ ವಿಭಾಗದಿಂದ ಎರವಲು ತರೋಣ.

ಇದೆಲ್ಲ ಅವರವರ ಮನೆಯ ಮಾತು, ನಮಗೇಕೆ ಎಂದು ಪುಸ್ತಿಕೆ ಮುಚ್ಚುತ್ತಿದ್ದೆವು. ಅಷ್ಟರಲ್ಲಿ ‘ಸಮುದಾಯ ಕಟ್ಟುವಿಕೆ’ ಎಂಬ ಅಧ್ಯಾಯ ಬಂತು. ಅದರಲ್ಲಿ ನಾವಿದ್ದೆವು. ನಮ್ಮನ್ನು ದತ್ತು ತೆಗೆದುಕೊಳ್ಳಲಾಗಿತ್ತು.

ದತ್ತು ಎಂಬುದು ನಮ್ಮ ಸೀಮೆಯಲ್ಲಿ ಹುಡುಗಾಟದ ಮಾತಲ್ಲ. ಕಾಗಲದ ಘಾಟ್ಗೆ ಮನೆತನದ ಯಶವಂತರಾವ್ ಎಂಬ ಹುಡುಗನನ್ನು 1884ರ ಮಾರ್ಚಿನಲ್ಲಿ ಕೊಲ್ಲಾಪುರದ ಅರಮನೆ ದತ್ತು ತೆಗೆದುಕೊಂಡಿತು. ಆತನೇ ಶಾಹೂ ಮಹಾರಾಜರಾದರು. 1902ರಲ್ಲಿ ಹಿಂದುಳಿದವರಿಗೆ ಸರಕಾರಿ ನೌಕರಿಯಲ್ಲಿ ಅರ್ಧ ಜಾಗ ಮೀಸಲಿಟ್ಟರು. ಆಚೆ ಬೆಳಗಾವಿಯ ದಾರಿ ಹಿಡಿದರೆ ಕಿತ್ತೂರು. ಅಲ್ಲಿ ದತ್ತಕ ನಡೆಯುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ 1824ರಲ್ಲಿ ಯುದ್ಧವೇ ಆಯಿತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಹೆಣವಾಗಿ ಬಿದ್ದ. ಒಂದು ದತ್ತಕಕ್ಕೆ ರಾಜ್ಯ ಸಿಕ್ಕಿತು, ಇನ್ನೊಂದಕ್ಕೆ ರಾಜ್ಯ ಹೋಯಿತು. ನಮಗೆ ಒಂದು ಬ್ಯಾನರ್ ಸಿಕ್ಕಿದೆ. ಅದನ್ನೂ ಕಾರ್ಯಕ್ರಮ ಮುಗಿದ ಮೇಲೆ ಬಿಚ್ಚಿಕೊಂಡು ಹೋದರು, ತಾರೀಖಿನ ಮೇಲೆ ಸ್ಟಿಕ್ಕರ್ ಹಚ್ಚಿದರೆ ಮುಂದಿನೂರಿಗೂ ಬರುತ್ತದಂತೆ.

ಅದಕ್ಕಿಂತ ದೊಡ್ಡ ತೊಡಕೆಂದರೆ ನಮ್ಮನ್ನು ದತ್ತು ತೆಗೆದುಕೊಂಡವರು ಇವರೊಬ್ಬರೇ ಅಲ್ಲ. ಕೇಂದ್ರ ಸರಕಾರ 2014ರಲ್ಲಿ ಉನ್ನತ ಭಾರತ ಅಭಿಯಾನ ಆರಂಭಿಸಿ, ದೊಡ್ಡ ವಿದ್ಯಾಸಂಸ್ಥೆಗಳು ಐದೈದು ಹಳ್ಳಿಗಳನ್ನು ಆರಿಸಿಕೊಂಡು ಅವುಗಳ ಜೊತೆ ಕೆಲಸ ಮಾಡಲಿ ಎಂದಿತು. ಒಳ್ಳೆಯ ಮಾತೇ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ ಹುಡುಗರು ಶಿಬಿರಕ್ಕೆ ಹಳ್ಳಿಗೆ ಬರುತ್ತಲೇ ಇದ್ದಾರೆ. ಅವರು ಗಟಾರ ಬಳಿದದ್ದನ್ನು ನಾವು ಮರೆತಿಲ್ಲ, ಗಟಾರ ಮರೆತಿದೆ. ಆದರೆ ಯಾವ ಹಳ್ಳಿ? ಡಾಂಬರ ರಸ್ತೆ ಇರಬೇಕು, ಕಾರು ತಿರುಗಿಸಲು ಜಾಗ ಬೇಕು, ಮಧ್ಯಾಹ್ನದೊಳಗೆ ವಾಪಸಾಗುವಷ್ಟು ಹತ್ತಿರವಿರಬೇಕು, ಆದರೂ ಫೋಟೋದಲ್ಲಿ ಹಿಂದುಳಿದಂತೆ ಕಾಣಬೇಕು. ಈ ಎಲ್ಲ ಲಕ್ಷಣಗಳೂ ಕೂಡಿದ ಊರು ನಮ್ಮದು. ಹಾಗಾಗಿ ಇಂಜಿನಿಯರಿಂಗಿನವರು ದತ್ತು ತೆಗೆದುಕೊಂಡರು, ಫಾರ್ಮಸಿಯವರು ತೆಗೆದುಕೊಂಡರು, ಬಿ.ಎಡ್.ನವರು ತೆಗೆದುಕೊಂಡರು, ಈಗ ಸಂವಹನದವರೂ. ಇಷ್ಟು ಜನ ಅಪ್ಪಂದಿರಿರುವ ಊರಿಗೆ ಸಂಜೆಯ ಬಸ್ಸು ಇರಲಿಲ್ಲ.

ಈ ಬಸ್ಸಿನ ಸುದ್ದಿ, ಆ ಫೋಟೋ ತೆಗೆದ ಸಂವಹನ ಕಾರ್ಯಾಗಾರದ ದಿನವೇ ಎದ್ದಿತ್ತು. ಬಂದ ಉಪನ್ಯಾಸಕರು ಲ್ಯಾಪ್‌ಟಾಪ್ ಬಿಚ್ಚಿ, ಪರಿಣಾಮಕಾರಿ ಸಂವಹನಕ್ಕೆ ಏಳು ‘ಸಿ’ಗಳಿವೆ ಎಂದು ಗುಡಿಯ ಗೋಡೆಯ ಮೇಲೆ ತೋರಿಸತೊಡಗಿದರು. ಮೂರನೆಯ ‘ಸಿ’ಗೆ ಕರೆಂಟು ಹೋಯಿತು. ಉಳಿದ ನಾಲ್ಕನ್ನು ಅವರು ಬಾಯಿಯಲ್ಲೇ ಹೇಳಿದರು, ಮರಾಠಿಯಲ್ಲಿ. ನಮಗೆ ಮರಾಠಿ ಬರುವುದಿಲ್ಲ ಎಂದಲ್ಲ. ಮೆಣಸಿನಕಾಯಿ ಮಾರಲಿಕ್ಕೆ, ದವಾಖಾನೆಯಲ್ಲಿ ನೋವು ಹೇಳಲಿಕ್ಕೆ, ಬೀಗರ ಜೊತೆ ಜಗಳ ಆಡಲಿಕ್ಕೆ ಸಾಕಾಗುವಷ್ಟು ಮರಾಠಿ ಇಲ್ಲಿ ಪ್ರತಿ ಮನೆಯಲ್ಲೂ ಇದೆ, ಆ ಮನೆಗಳ ಕನ್ನಡ ಪಕ್ಕದ ಮರಾಠಿ ಮನೆಗಳಲ್ಲಿಯೂ ಇದೆ. ಆದರೆ ಅವತ್ತಿನ ಮರಾಠಿ ಮರಾಠಿಯವರಿಗೂ ತಲುಪಲಿಲ್ಲ. ಪಕ್ಕದಲ್ಲಿ ಕೂತ ಪಾಟೀಲರ ಸೊಸೆ, ಹುಟ್ಟಾ ಮರಾಠಿಯವಳು, ನಮ್ಮ ಅಕ್ಕನ ಕಿವಿಯಲ್ಲಿ ಕನ್ನಡದಲ್ಲಿ ಕೇಳಿದಳಂತೆ: “ಅಕ್ಕಾ, ಇವ್ರು ಏನು ಮಾರಾಕ ಬಂದಾರ?”

ಕೊನೆಗೆ ಪ್ರಶ್ನೆ ಕೇಳಿ ಎಂದರು. ಒಬ್ಬ ಅವ್ವ ಎದ್ದು ನಿಂತಳು.

“ಸರ, ಸಂಜಿ ಐದೂವರಿ ಬಸ್ಸು ಬಂದ್ ಆಗೇತಿ. ಹುಡುಗ್ಯಾರು ಗಡಹಿಂಗ್ಲಜದಾಗ ಕಾಲೇಜ್ ಬಿಟ್ಟ ಮ್ಯಾಲ ಕತ್ತಲದಾಗ ನಡಕೋಂತ ಬರ್ತಾರ. ನೀವು ಮಾತಾಡೂದು ಕಲಸಾವ್ರು. ಈ ಬಸ್ಸಿನ ಸಲುವಾಗಿ ಯಾರ ಮುಂದ ಹೋಗಿ ಹೆಂಗ ಮಾತಾಡಬೇಕು, ಅದೊಂದ ಹೇಳಿಕೊಡ್ರಿ.”

ನಮ್ಮ ಹುಡುಗ ಅದನ್ನು ಮರಾಠಿಗೆ ತಿರುಗಿಸಿ ಹೇಳಿದ. ಉಪನ್ಯಾಸಕರಿಗೆ ಬಹಳ ಸಂತೋಷವಾಯಿತು. ಈ ಊರಿನ ಹೆಣ್ಣುಮಕ್ಕಳಲ್ಲಿ ಸಂಕೋಚವೇ ಇಲ್ಲವಲ್ಲ ಎಂದು ಚಪ್ಪಾಳೆ ತಟ್ಟಿಸಿದರು. ಆಮೇಲೆ ಐದೈದು ಖಾನೆಗಳ ಇಂಗ್ಲಿಷ್ ಫಾರ್ಮು ಹಂಚಿದರು. ತುಂಬುವ ತೊಂದರೆ ನಿಮಗೇಕೆ ಎಂದು ಅವರೇ ‘ಸಂಪೂರ್ಣ ಒಪ್ಪುತ್ತೇನೆ’ ಎಂಬಲ್ಲಿ ಗುರುತು ಹಾಕಿಕೊಂಡರು. ಪುಸ್ತಿಕೆಯಲ್ಲಿ ಈಗ ಇರುವುದು ಇಷ್ಟು: ‘ಪ್ರಶ್ನೋತ್ತರ ಅವಧಿಯಲ್ಲಿ ಮಹಿಳೆಯರು ಉತ್ಸಾಹದಿಂದ ಭಾಗವಹಿಸಿದರು.’ ಉತ್ಸಾಹ ದಾಖಲಾಗಿದೆ, ಪ್ರಶ್ನೆ ಇಲ್ಲ.

ಹುಡುಗನಿಗೆ ಇದು ಚುಚ್ಚಿತು. ಪತ್ರಿಕೋದ್ಯಮದ ವಿದ್ಯಾರ್ಥಿ, ಹಾಗಾಗಿ ವಿಭಾಗದ ನಾಲ್ಕು ಪುಟದ ಅಭ್ಯಾಸ ಪತ್ರಿಕೆಗೆ ಒಂದು ಸುದ್ದಿ ಬರೆದ. ಬಸ್ಸು ಯಾವಾಗ ನಿಂತಿತು, ಎಷ್ಟು ಹುಡುಗಿಯರು ನಡೆಯುತ್ತಾರೆ, ಯಾರ ಮನೆಯಲ್ಲಿ ಕಾಲೇಜೇ ಬಿಡಿಸಿದರು, ಎಲ್ಲ ಕೇಳಿ ಬರೆದ ಸುದ್ದಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ತರಗತಿ ಶುರು ಮಾಡಿದ್ದು ಇಂಥದ್ದನ್ನು ಬರೆಯಲು ಕಲಿಸಲಿಕ್ಕೇ ಇರಬೇಕು. ನಮ್ಮ ಹುಡುಗನ ಸುದ್ದಿ ವಾಪಸ್ ಬಂತು. ಅಂಚಿನಲ್ಲಿ ಕೆಂಪು ಶಾಯಿ: ಬರವಣಿಗೆ ಚೆನ್ನಾಗಿದೆ, ಧೋರಣೆ ನಕಾರಾತ್ಮಕ. ದತ್ತು ಗ್ರಾಮದ ಬಗ್ಗೆ ಸಕಾರಾತ್ಮಕವಾಗಿ ಬರೆಯಬೇಕು. ತಲೆಬರಹವನ್ನೂ ಸೂಚಿಸಿದ್ದರು: ‘ಸಂಜೆಯ ನಡಿಗೆಯಿಂದ ಆರೋಗ್ಯ ಗಳಿಸುತ್ತಿರುವ ಗ್ರಾಮೀಣ ವಿದ್ಯಾರ್ಥಿನಿಯರು’.

ಆ ಸಂಚಿಕೆಯಲ್ಲಿ ಬಸ್ಸಿನ ಜಾಗದಲ್ಲಿ ಪತ್ರಿಕಾ ದಿನಾಚರಣೆಯ ವರದಿ ಬಂತು. ನಾವು ಗಡಿಯವರು, ವರ್ಷಕ್ಕೆ ಎರಡು ಪತ್ರಿಕಾ ದಿನ ಆಚರಿಸಬಹುದು. 1832ರ ಜನವರಿ 6ರಂದು ಬಾಳಶಾಸ್ತ್ರಿ ಜಾಂಭೇಕರರು ‘ದರ್ಪಣ’ ತಂದರೆಂದು ಮರಾಠಿಯವರದು ಒಂದು, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರೆಂದು ಕನ್ನಡದವರದು ಇನ್ನೊಂದು. ಎರಡು ದಿನವೂ ಹಾರ ಉಂಟು, ಭಾಷಣ ಉಂಟು, ಉಪ್ಪಿಟ್ಟು ಉಂಟು. ಸಮಾಚಾರ ಒಂದು ಇಲ್ಲ.

ಇದು ಬೇರೆ ಯಾವುದೋ ಜಿಲ್ಲೆಯ ಕಥೆಯಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕೊಲ್ಲಾಪುರದ ಹೆಸರು ಹೇಳಿಕೊಂಡು ಇದನ್ನು ಮಾಡುತ್ತಾರಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ. ಈ ಜಿಲ್ಲೆ ಸಂವಹನವನ್ನು ವಿಭಾಗದಲ್ಲಿ ಕಲಿತದ್ದಲ್ಲ. ಅಂಬೇಡ್ಕರ್ 1920ರ ಜನವರಿ 31ರಂದು ‘ಮೂಕನಾಯಕ’ ಶುರು ಮಾಡಿದಾಗ ಶಾಹೂ ಮಹಾರಾಜರು ಎರಡೂವರೆ ಸಾವಿರ ರೂಪಾಯಿ ಕೊಟ್ಟಿದ್ದರು. ಎರಡು ತಿಂಗಳು ತುಂಬುವುದರೊಳಗೆ, ಮಾರ್ಚ್ 21 ಮತ್ತು 22ರಂದು, ಇಲ್ಲೇ ಮಾಣಗಾವದಲ್ಲಿ ಪರಿಷತ್ತು ಸೇರಿತು. ಆಗಿನ್ನೂ ಮೂವತ್ತು ತುಂಬದ ಅಂಬೇಡ್ಕರರನ್ನು ತೋರಿಸಿ, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂದು ಮಹಾರಾಜರು ಅಲ್ಲಿ ಜನಕ್ಕೆ ಸಾರಿದರು. ಯೋಚಿಸಿ: ಒಬ್ಬ ರಾಜ, ಒಂದು ಪತ್ರಿಕೆ, ಒಂದು ಹಳ್ಳಿ. ಸಮುದಾಯ ಕಟ್ಟುವುದೆಂದರೆ ಅಷ್ಟೇ ಸಾಕಾಗಿತ್ತು. ಇವತ್ತು ಎರಡೂವರೆ ಸಾವಿರಕ್ಕೆ ಬ್ಯಾನರ್ ಆಗಬಹುದು, ಅತಿಥಿಗಳ ಊಟ ಬೇರೆ ಹೆಡ್ಡಿನಲ್ಲಿ ತೋರಿಸಬೇಕು.

ಬಾಬೂರಾವ್ ಪೇಂಟರರನ್ನು ನೆನೆಸಿಕೊಳ್ಳಿ. ಕೊಲ್ಲಾಪುರದಲ್ಲಿ ಜೊತೆಗಾರರೊಡನೆ ಕೂಡಿ ಸಿನಿಮಾ ಕ್ಯಾಮೆರಾವನ್ನು ತಾವೇ ಕಟ್ಟಿದವರು; ಮಹಾರಾಷ್ಟ್ರ ಫಿಲ್ಮ್ ಕಂಪನಿ ನಡೆಸಿದವರು. ಸಾವುಕಾರನ ಬಾಯಿಗೆ ಬಿದ್ದು ಹೊಲ ಕಳೆದುಕೊಂಡ ರೈತನ ಮೇಲೆ 1925ರಲ್ಲಿ ‘ಸಾವಕಾರಿ ಪಾಶ’ ತೆಗೆದರು, ಅದರಲ್ಲಿ ಯುವ ರೈತನಾಗಿ ನಿಂತವರು ಮುಂದೆ ದೊಡ್ಡ ಹೆಸರಾದ ವಿ. ಶಾಂತಾರಾಮ್. ಈಗ ಪೇಂಟರರು ನಮ್ಮ ವಿಭಾಗಕ್ಕೆ ಅರ್ಜಿ ಹಾಕಿದರು ಎಂದುಕೊಳ್ಳಿ. ನೆಟ್ ಪಾಸಾಗಿದೆಯೇ? ಇಲ್ಲ. ಪಿಎಚ್.ಡಿ.? ಇಲ್ಲ. ಐಎಸ್‌ಎಸ್‌ಎನ್ ಇರುವ ಪತ್ರಿಕೆಯಲ್ಲಿ ಪ್ರಬಂಧ? ಇಲ್ಲ. ಕ್ಯಾಮೆರಾ ಮಾಡಿದ್ದೀರಂತೆ, ಕೊಟೇಶನ್ ಮೂರು ತರಿಸಿದ್ದಿರಾ? ಕಾಯಂ ನೌಕರಿ ಹೋಗಲಿ, ಅತಿಥಿ ಉಪನ್ಯಾಸಕ್ಕೂ ಅವರಿಗೆ ಹೊರಗಿನ ಬಾಕಿನ ಮೇಲೆಯೇ ಜಾಗ.

ನನ್ನನ್ನು ಕೇಳಿದರೆ ಸಂವಹನದ ವಿದ್ಯಾರ್ಥಿಗಳನ್ನು ಒಂದು ದಿನ ಇಚಲಕರಂಜಿಯ ಮಗ್ಗದ ಶೆಡ್ಡಿಗೆ ಕಳಿಸಬೇಕು. 1904ರಲ್ಲಿ ಅಲ್ಲಿ ಮೊದಲ ಪವರ್‌ಲೂಮ್ ಬಂದಾಗಿನಿಂದ ಆ ಗದ್ದಲದಲ್ಲಿ ಕಿವಿಗೆ ಕೆಲಸವಿಲ್ಲ. ಒಂದು ಮಗ್ಗದವನು ಕನ್ನಡದವನು, ಪಕ್ಕದವನು ಮರಾಠಿ, ಅದರಾಚೆಯವನು ಉತ್ತರಪ್ರದೇಶದವನು. ಹುಬ್ಬು ಏರಿಸಿದರೆ ದಾರ ಕಡಿದಿದೆ ಎಂದು, ಗಲ್ಲ ತಿರುಗಿಸಿದರೆ ಮಾಲಕ ಬಂದ ಎಂದು ತಿಳಿಯುತ್ತದೆ. ಇಲ್ಲ, ದನದ ಬಜಾರಕ್ಕೆ ಕರೆದೊಯ್ಯಿರಿ. ಅಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎತ್ತಿನ ದರ ಮುರಿಯುತ್ತಾರೆ. ಸುತ್ತ ಹತ್ತು ಜನ ನಿಂತಿದ್ದರೂ ಹೇಳಿದವನಿಗೆ ಮತ್ತು ಕೇಳಿದವನಿಗೆ ಬಿಟ್ಟು ಒಬ್ಬರಿಗೂ ಅಂಕಿ ತಿಳಿಯುವುದಿಲ್ಲ. ಈ ಗುಟ್ಟಿನ ಕಲೆಯನ್ನು ವಿಭಾಗದವರು ಬಜೆಟ್ಟಿನಲ್ಲಿ ಆಗಲೇ ಅಳವಡಿಸಿಕೊಂಡಿದ್ದಾರೆ ಎಂದು ಹುಡುಗ ಹೇಳಿದ. ನಾನು ನಂಬಲಿಲ್ಲ, ನಂಬದೆಯೂ ಇರಲಿಲ್ಲ.

ಪುಸ್ತಿಕೆಯಲ್ಲಿ ‘ಮುಂದಿನ ಯೋಜನೆ’ ಎಂಬಲ್ಲಿ ಸಮುದಾಯ ರೇಡಿಯೋ ಇದೆ. ಅದು ಹಿಂದಿನ ವರ್ಷವೂ ಮುಂದಿನ ಯೋಜನೆಯೇ ಆಗಿತ್ತಂತೆ. ರೇಡಿಯೋ ಬಂದರೆ ನಮ್ಮ ಬಸ್ಸಿನ ಸುದ್ದಿ ಅದರಲ್ಲಿ ಹೇಳಬಹುದೇನು ಎಂದು ಅವ್ವ ಕೇಳಿದಳು. ಹುಡುಗ ತಲೆ ಕೆರೆದುಕೊಂಡ. ಕ್ಯಾಂಪಸ್ಸುಗಳಿಗೆ ರೇಡಿಯೋ ನಡೆಸಲು ಸರಕಾರ ಬಾಗಿಲು ತೆರೆದ ಮೇಲೆ 2004ರಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯದ್ದು ಮೊದಲು ಶುರುವಾಯಿತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿ ಸಿಕ್ಕಿತು. ಒಂದೇ ಷರತ್ತು ಗಟ್ಟಿಯಾಗಿ ಉಳಿಯಿತು: ಸಮುದಾಯ ರೇಡಿಯೋ ತನ್ನದೇ ಸುದ್ದಿ ತಯಾರಿಸಿ ಬಿತ್ತರಿಸುವಂತಿಲ್ಲ. ಹಾಡು ಹಾಕಬಹುದು, ಜೋಳಕ್ಕೆ ಯಾವ ಔಷಧಿ ಹೊಡೆಯಬೇಕೆಂದು ಹೇಳಬಹುದು. ಕೋಲಾರ ಜಿಲ್ಲೆಯ ಬೂದಿಕೋಟೆಯವರಿಗೆ ಪರವಾನಗಿ ಸಿಗದ ಕಾಲದಲ್ಲಿ ಅವರು ಕಾಯುತ್ತ ಕೂರಲಿಲ್ಲ. ‘ನಮ್ಮ ಧ್ವನಿ’ ಎಂದು ಹೆಸರಿಟ್ಟು ಟಿವಿ ಕೇಬಲ್ಲಿನ ಮೂಲಕವೇ ಊರಿನ ದನಿಯನ್ನು ಮನೆಮನೆಗೆ ಎಳೆದರು. ಕೇಬಲ್ ಎಳೆದದ್ದರ ಫೋಟೋದಲ್ಲಿ ರೇಖಾಂಶ ಇತ್ತೋ ಇಲ್ಲವೋ, ಮನೆಗಳಲ್ಲಿ ದನಿ ಕೇಳಿಸಿತ್ತು.

ನ್ಯಾಕ್ ತಂಡ ಬರುವ ವರ್ಷ ನೋಡಬೇಕು, ಹಳ್ಳಿಗೆ ಬರುವವರ ಸಂಖ್ಯೆ ಒಮ್ಮೆಲೇ ಏರುತ್ತದೆ. ಆ ದರ್ಜೆಯ ಬಗ್ಗೆ ನಮಗೂ ಭಯಭಕ್ತಿ ಇತ್ತು. 2025ರ ಫೆಬ್ರವರಿಯಲ್ಲಿ ಆಂಧ್ರದ ಗುಂಟೂರಿನ ಒಂದು ಶಿಕ್ಷಣ ಸಂಸ್ಥೆಗೆ ಒಳ್ಳೆಯ ದರ್ಜೆ ಕೊಡಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ ಪರಿಶೀಲನಾ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಹಿಡಿಯಿತು. ಹಣ, ಚಿನ್ನ, ಮೊಬೈಲು, ಲ್ಯಾಪ್‌ಟಾಪು ಎಂದು ಪತ್ರಿಕೆಗಳಲ್ಲಿ ಪಟ್ಟಿ ಬಂತು. ನಮ್ಮ ಕಾಕಾ ಅದನ್ನು ಓದಿಸಿಕೊಂಡು ಕೇಳಿ, “ನಮ್ಮ ಭಾಗದಾಗ ಇಷ್ಟ ಕೆಟ್ಟಿಲ್ಲ ಬಿಡ್ರಿ, ಇಲ್ಲಿ ಬೆಲ್ಲದ ಪೆಂಟಿ ಮತ್ತ ಒಂದ್ ಜೋಡ ಚಪ್ಪಲಿಗೆ ಮುಗೀತೈತಿ” ಎಂದರು. ಅದು ಲಂಚವಲ್ಲ, ಸತ್ಕಾರ.

ಚಪ್ಪಲಿಯ ಮಾತು ಬಂತು. 2025ರ ಜೂನಿನಲ್ಲಿ ಇಟಲಿಯ ಪ್ರಾದಾ ಕಂಪನಿ ಮಿಲಾನಿನ ವೇದಿಕೆಯ ಮೇಲೆ ಥೇಟ್ ಕೊಲ್ಲಾಪುರಿಯಂಥ ಚಪ್ಪಲಿ ನಡೆಸಿ ಕೊಲ್ಲಾಪುರದ ಹೆಸರನ್ನೇ ಹೇಳಲಿಲ್ಲವೆಂದು ದೊಡ್ಡ ಗದ್ದಲವಾಯಿತಲ್ಲ. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳು ಕೂಡಿಯೇ ಇವೆ, ಅಥಣಿಯ ಕಡೆಯ ಕೈಗಳಿಗೂ ಅದರಲ್ಲಿ ಪಾಲಿದೆ. ಸಿಟ್ಟು ಬರುವಂಥದ್ದೇ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಪ್ರಾದಾ ನಮ್ಮ ಚಪ್ಪಲಿ ತೆಗೆದುಕೊಂಡು ಹೆಸರು ಬಿಟ್ಟಿತು. ಸಂವಹನ ವಿಭಾಗ ನಮ್ಮ ಹೆಸರು ತೆಗೆದುಕೊಂಡು ಊರು ಬಿಟ್ಟಿತು. ಪ್ರಾದಾದವರು ಆಮೇಲೆ ಒಪ್ಪಿಕೊಂಡರು.

ವಿಭಾಗದಿಂದ ಬಂದವರಲ್ಲಿ ಒಬ್ಬರು ಮಾತ್ರ ಬೇರೆ. ಸಿ.ಎಚ್.ಬಿ. ಮಾಸ್ತರರು, ಅಂದರೆ ತಾಸಿನ ಲೆಕ್ಕದಲ್ಲಿ ಪಗಾರ ಪಡೆಯುವವರು, ಅದೂ ಬಂದಾಗ ಪಡೆಯುವವರು. ಕಾರ್ಯಾಗಾರದ ದಿನ ಕ್ಯಾಮೆರಾ ಹಿಡಿದು ಮೂಲೆಯಲ್ಲಿ ನಿಂತಿದ್ದರು. ಮುಂದಿನ ವಾರ ತಮ್ಮ ಗಾಡಿಗೆ ತಾವೇ ಪೆಟ್ರೋಲ್ ಹಾಕಿಸಿಕೊಂಡು ಒಬ್ಬರೇ ಬಂದರು. ಅವ್ವನ ಮನೆಯ ಪಡಸಾಲೆಯಲ್ಲಿ ಕೂತು ಬಸ್ಸಿನ ಅರ್ಜಿಯನ್ನು ಮರಾಠಿಯಲ್ಲಿ ಬರೆದರು, ಓದಿ ಹೇಳಿ ಕನ್ನಡದಲ್ಲಿ ತಿಳಿಸಲು ನಮ್ಮ ಹುಡುಗನಿಗೆ ಹಚ್ಚಿದರು, ನಡೆಯುವ ಹುಡುಗಿಯರ ಸಹಿ ಹಾಕಿಸಿದರು. ಯಾವ ಟೇಬಲ್ಲಿಗೆ ಹೋಗಬೇಕು, ಪೋಚು, ಅಂದರೆ ಅರ್ಜಿ ಮುಟ್ಟಿದ ಚೀಟಿ, ಕೇಳಿ ಪಡೆಯಬೇಕು, ಹದಿನೈದು ದಿನ ಬಿಟ್ಟು ಮತ್ತೆ ಹೋಗಬೇಕು, ಇಷ್ಟನ್ನು ಹೇಳಿಕೊಟ್ಟರು. ಏಳು ‘ಸಿ’ಗಳ ಹೆಸರು ಅವರ ಬಾಯಲ್ಲಿ ಬರಲಿಲ್ಲ. ಹೆಣ್ಣುಮಕ್ಕಳು ಎರಡು ಮೂರು ಬಾರಿ ಹೋಗಿ ಕೂತು ಬಂದರು. ಈಗ ಬಜಾರದ ದಿನವೊಂದು ಸಂಜೆಯ ಬಸ್ಸು ಬರುತ್ತದೆ. ಉಳಿದ ದಿನ ಇನ್ನೂ ನಡಿಗೆಯೇ, ಆರೋಗ್ಯ ಗಳಿಸುತ್ತಿದ್ದಾರೆ. ಪುಸ್ತಿಕೆಯಲ್ಲಿ ಮಾಸ್ತರರ ಹೆಸರು ಕೊನೆಯ ಪುಟದಲ್ಲಿ, ‘ಛಾಯಾಚಿತ್ರ’ ಎಂಬುದರ ಮುಂದೆ ಇದೆ. ಅರ್ಜಿಯ ಕೆಲಸ ಎಲ್ಲಿಯೂ ಇಲ್ಲ, ಏಕೆಂದರೆ ಫೋಟೋ ತೆಗೆಯುವವರು ಅರ್ಜಿ ಬರೆಯುತ್ತಿದ್ದಾಗ ಫೋಟೋ ತೆಗೆಯಲು ಯಾರೂ ಇರಲಿಲ್ಲ.

ಪುಸ್ತಿಕೆ ಓದಿ ಮುಗಿದ ಮೇಲೆ ಕಾಕಾ ಒಂದು ಠರಾವು ಮಂಡಿಸಿದರು. ಅವರು ನಮ್ಮ ಮೇಲೆ ವರದಿ ಬರೆದಾರ, ನಾವೂ ಅವರ ಮೇಲೆ ಬರೆಯೋಣ. ನ್ಯಾಕಿನ ಏಳು ಮಾನದಂಡಗಳನ್ನು ಹುಡುಗ ಹೇಳುತ್ತ ಹೋದ, ಕಟ್ಟೆ ಉತ್ತರ ಕೊಡುತ್ತ ಹೋಯಿತು. ಪಠ್ಯಕ್ರಮ: ಫೋಟೋ ಆಗುವತನಕ ಸಸಿಗೆ ಮಣ್ಣು ಮುಚ್ಚಬಾರದೆಂದು ಕಲಿಸಲಾಯಿತು. ಮೂಲಸೌಕರ್ಯ: ಮೂವತ್ತು ಕುರ್ಚಿ, ಭಜನಾ ಮಂಡಳದ್ದು, ಎರಡರ ಕಾಲು ಮುರಿದಿದೆ; ಚಹಾ ಊರಿನದು. ಸಂಶೋಧನೆಯ ಖಾನೆಗೆ ಬಂದಾಗ ಎಲ್ಲರಿಗೂ ಹುರುಪು ಬಂತು. ನೀರು ಎಷ್ಟು ಬಳಸುತ್ತೀರಿ, ಟಿವಿ ಎಷ್ಟು ತಾಸು ನೋಡುತ್ತೀರಿ, ಮನೆಯಲ್ಲಿ ಎಷ್ಟು ಜನ ಎಂಬ ಪ್ರಶ್ನೆಗಳಿಗೆ ಎಲ್ಲ ಅಪ್ಪಂದಿರಿಗೂ ಉತ್ತರ ಕೊಟ್ಟು ಕೊಟ್ಟು ಊರು ಈಗ ಸರಾಸರಿಯನ್ನೇ ನೇರವಾಗಿ ಹೇಳಿಬಿಡುತ್ತದೆ: ಮನೆಗೆ ನಾಲ್ಕೂವರೆ ಜನ. ಆ ಅರ್ಧ ಮನುಷ್ಯ ಯಾರ ಮನೆಯಲ್ಲಿದ್ದಾನೆ ಎಂಬುದು ಇನ್ನೂ ಪತ್ತೆಯಾಗಿಲ್ಲ, ಮುಂದಿನ ಸಂಶೋಧನೆಗೆ ಅವಕಾಶವಿದೆ. ಆಡಳಿತ, ನಾಯಕತ್ವ: ದೀಪ ಹಚ್ಚುವ ಮೇಣದಬತ್ತಿ ಯಾರ ಕೈಗೆ ಮೊದಲು ಎಂಬ ಬಗ್ಗೆ ಅರ್ಧ ತಾಸು ಚರ್ಚೆ, ಕೊನೆಗೆ ಒಮ್ಮತ. ಉತ್ತಮ ರೂಢಿ: ಒಂದೇ ಕುಣಿಯಲ್ಲಿ ವರ್ಷಕ್ಕೊಂದು ವಿಭಾಗ ಗಿಡ ನೆಟ್ಟಿರುವುದರಿಂದ ಹೊಸ ಕುಣಿ ತೋಡುವ ಖರ್ಚು ಉಳಿದಿದೆ. ಒಟ್ಟು ದರ್ಜೆ ಏನು ಕೊಡೋಣ ಎಂದಾಗ ಅವ್ವ, “ಮಾಸ್ತರಗ ಪಾಸ್ ಮಾಡ್ರಿ, ಉಳದಾವ್ರನ್ನ ಮುಂದಿನ ವರ್ಷ ಮತ್ತ ಕುಂಡ್ರಸರಿ” ಎಂದಳು.

ಹುಡುಗ ಅದನ್ನು ಕನ್ನಡದಲ್ಲಿ ಬರೆದ, ಮರಾಠಿಗೆ ಇಳಿಸಿದ, ಊರ ಹಿರಿಯರ ಸಹಿ ಹಾಕಿಸಿದ, ವಿಭಾಗಕ್ಕೆ ರಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ. ಹುಡುಗನ ಪರೀಕ್ಷೆಗೆ ಇದರಿಂದ ತೊಂದರೆಯಾದೀತು ಎಂದು ನಾನು ಅಂಜಿದ್ದೆ. ಎಂಟು ದಿನಕ್ಕೆ ವಿಭಾಗ ಪ್ರಮುಖರ ಫೋನ್ ಕಾಕಾನಿಗೇ ಬಂತು. ಸ್ಪೀಕರಿಗೆ ಹಾಕಿದೆವು. ದನಿಯಲ್ಲಿ ಸಿಟ್ಟಿನ ಸುಳಿವೇ ಇಲ್ಲ.

“ಕಾಕಾ, ಭಾಳ ಛಲೋ ಆತು. ಫಲಾನುಭವಿಗಳೇ ಸ್ವಯಂಪ್ರೇರಣೆಯಿಂದ ಲಿಖಿತ ಅಭಿಪ್ರಾಯ ಕಳಿಸಿದ್ದು ನಮ್ಮ ವಿದ್ಯಾಪೀಠದಾಗ ಇದೇ ಮೊದಲು. ಒಂದನೇ ಮಾನದಂಡಕ್ಕೆ ಹಚ್ಚತೀವಿ. ಇಂಗ್ಲಿಷ್ ಮಾಡಿಸೂದು ನಡದೈತಿ.”

“ಸಾಹೇಬ್ರ, ಅದರಾಗ ಬರದದ್ದು ಓದೀರೇನು?”

“ಭಾಷಾಂತರ ಬಂದ ಮ್ಯಾಲ ಓದತೀನಿ. ಬಸ್ಸು ಬಂತಂತ ಬರದೀರಂತ ಹೇಳಿದ್ರು. ಅದು ನಮ್ಮ ಕಾರ್ಯಾಗಾರದ ಫಲಶ್ರುತಿ ಅಲ್ಲೇನು? ಅದನ್ನ ತೋರಿಸಬೇಕು.”

“ಅದನ್ನ ಮಾಡಿಸಿದವ್ರು ಆ ಸಿ.ಎಚ್.ಬಿ. ಮಾಸ್ತರು. ಅವರನ್ನ ಕಳಸ್ರಿ, ಸತ್ಕಾರ ಮಾಡತೀವಿ.”

“ಅವರ ತಾಸು ಮುಗದಾವು. ಈ ವರ್ಷ ಬ್ಯಾರೆಯವರು ಬಂದಾರ. ಈಗ ಒಂದ ಕೆಲಸ ಆಗಬೇಕಿತ್ತು ಕಾಕಾ. ನೀವು ಕಳಿಸಿದ ಕಾಗದಕ್ಕ ಫೋಟೋ ಇಲ್ಲ. ಬಜಾರದ ದಿವಸ ಆ ಬಸ್ಸು ಹತ್ತ ನಿಮಿಷ ನಿಲ್ಲಸಾಕ ಬರ್ತೈತೇನು? ಬ್ಯಾನರ್ ನಾವ ತರ್ತೀವಿ. ಹುಡುಗ್ಯಾರು ಬಸ್ಸಿನ ಮುಂದ ನಿಂದರಲಿ, ಇಳದ ಮ್ಯಾಲ ಅಲ್ಲ, ಹತ್ತೂಕಿಂತ ಮುಂಚೆ.”